ಸಿಪಾಯಿಯ ಸಂಸಾರಕ್ಕೆ ಎಷ್ಟು ತೂಕ?

ಭೀಮಾನದಿಯ ದಡದ ಅಫಜಲಪುರ ತಾಲ್ಲೂಕಿನಲ್ಲಿ ತೂಕವೆಂಬುದು ನಿತ್ಯವ್ಯವಹಾರದ ಮಾತು. ತೊಗರಿಯನ್ನು ಕ್ವಿಂಟಲಿನಲ್ಲಿಯೂ ಕಬ್ಬನ್ನು ಟನ್ನಿನಲ್ಲಿಯೂ ಎಣಿಸುತ್ತ, ಕಾಟಾದ ಮುಳ್ಳು ಯಾವ ಕಡೆಗೆ ವಾಲಿತೆಂಬುದರ ಮೇಲೆ ವರ್ಷದ ದುಡಿಮೆಯ ಫಲವನ್ನು ನಿರ್ಣಯಿಸುತ್ತ ಬದುಕುವ ಈ ಸೀಮೆಯ ಜನರಿಗೆ ತೂಕದ ಚೀಟಿಯ ಬೆಲೆಯನ್ನು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಆದರೆ ಈ ತಾಲ್ಲೂಕಿನಿಂದಲೂ ನೆರೆಯ ಆಳಂದ, ಜೇವರ್ಗಿಗಳಿಂದಲೂ ಸೈನ್ಯಕ್ಕೆ ಸೇರಿ, ಮೂರು ನಾಲ್ಕು ವರ್ಷಗಳಿಗೊಮ್ಮೆ ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಂಸಾರವನ್ನು ಸಾಗಿಸಬೇಕಾದ ಯೋಧರ ಮನೆಗಳಲ್ಲಿ ಇನ್ನೊಂದು ತೂಕದ ಲೆಕ್ಕವುಂಟು. ಅದು ಸರಕಾರದ ಆಜ್ಞಾಪತ್ರದಲ್ಲಿ ಅಚ್ಚಾದದ್ದು, ಪದವಿಗೆ ತಕ್ಕಂತೆ ಏರಿಳಿಯುವಂಥದು, ಮತ್ತು ಬಹಳ ಸಲ ಯಾವ ಕಾಟಾದ ಮೇಲೂ ಏರದೆಯೇ ಕಾಗದದ ಮೇಲೆ ಮಾತ್ರ ನಿಲ್ಲುವಂಥದು. ಆ ಲೆಕ್ಕವನ್ನೂ ಅದರಿಂದ ಹುಟ್ಟುವ ವ್ಯಾಜ್ಯಗಳನ್ನೂ ಇಲ್ಲಿ ಸ್ವಲ್ಪ ಸಾವಧಾನವಾಗಿ ಪರಿಶೀಲಿಸಬೇಕೆಂಬುದು ಈ ಲೇಖನದ ಉದ್ದೇಶ.

ಏಳನೆಯ ಕೇಂದ್ರ ವೇತನ ಆಯೋಗದ ಶಿಫಾರಸುಗಳನ್ನು ಅನುಸರಿಸಿ 2017ರ ಜುಲೈ 1ರಿಂದ ಜಾರಿಗೆ ಬಂದ ಪ್ರಯಾಣಭತ್ಯೆಯ ನಿಯಮಗಳ ಪ್ರಕಾರ, ವರ್ಗಾವಣೆಯ ಕಾಲದಲ್ಲಿ ಗೃಹಸಾಮಗ್ರಿಯನ್ನು ಸಾಗಿಸುವ ಹಕ್ಕು ವೇತನಶ್ರೇಣಿಯ ಮೆಟ್ಟಿಲುಗಳಿಗೆ ಅಂಟಿಕೊಂಡಿದೆ. ನಾಲ್ಕನೆಯ ಮಟ್ಟ ಮತ್ತು ಅದಕ್ಕಿಂತ ಕೆಳಗಿನವರಿಗೆ 1500 ಕಿಲೋಗ್ರಾಂ. ಐದನೆಯ ಮಟ್ಟದವರಿಗೆ 3000. ಆರನೆಯ ಮಟ್ಟದಿಂದ ಮೇಲಕ್ಕೆ ಇರುವವರೆಲ್ಲರಿಗೂ 6000. ಸೈನ್ಯದ ಭಾಷೆಗೆ ತಿರುಗಿಸಿ ಹೇಳುವುದಾದರೆ, ಮೂರನೆಯ ಮಟ್ಟದ ಸಿಪಾಯಿಯೂ ನಾಲ್ಕನೆಯ ಮಟ್ಟದ ನಾಯಕನೂ ಒಂದೂವರೆ ಟನ್ನಿನ ಸಂಸಾರಿಗಳು. ಹವಾಲ್ದಾರನು ಮೂರು ಟನ್ನಿನವನು. ನಾಯಬ್ ಸುಬೇದಾರನಿಂದ ಸೇನಾಧಿಪತಿಯವರೆಗೆ ಉಳಿದವರೆಲ್ಲ ಆರು ಟನ್ನಿನವರು. ರಸ್ತೆಯ ಮೂಲಕ ಸಾಗಿಸಿದರೆ ಕಿಲೋಮೀಟರಿಗೆ ಕ್ರಮವಾಗಿ 15, 25 ಮತ್ತು 50 ರೂಪಾಯಿಗಳ ದರವನ್ನು ನಿಗದಿಮಾಡಿ, ತುಟ್ಟಿಭತ್ಯೆ ಶೇಕಡ 50ರಷ್ಟು ಏರಿದಾಗಲೆಲ್ಲ ಈ ದರವೂ ಶೇಕಡ 25ರಷ್ಟು ಏರತಕ್ಕದ್ದೆಂದು ಆಜ್ಞೆಯಲ್ಲಿಯೇ ಸೇರಿಸಲಾಯಿತು. ಇದಲ್ಲದೆ ಕಟ್ಟುವ ಬಿಚ್ಚುವ ಖರ್ಚು, ಹೊಸ ಊರಿನಲ್ಲಿ ಒಲೆ ಹೊತ್ತಿಸುವವರೆಗಿನ ಖರ್ಚು ಮುಂತಾದವುಗಳಿಗಾಗಿ ಹಿಂದಿನ ತಿಂಗಳ ಮೂಲವೇತನದ ಶೇಕಡ 80ರಷ್ಟು ಮೊತ್ತವನ್ನು ಒಟ್ಟು ವರ್ಗಾವಣೆ ಅನುದಾನವೆಂದು ಕೊಡುವ ಪದ್ಧತಿಯಿದೆ. ವಾಹನದ ವಿಷಯದಲ್ಲಿಯೂ ಇದೇ ತಾರತಮ್ಯ: ಆರನೆಯ ಮಟ್ಟದಿಂದ ಮೇಲಕ್ಕೆ ಇರುವವರಿಗೆ ಒಂದು ಕಾರು ಅಥವಾ ಮೋಟರ್ ಸೈಕಲ್ಲು, ಐದನೆಯ ಮತ್ತು ಅದಕ್ಕಿಂತ ಕೆಳಗಿನ ಮಟ್ಟದವರಿಗೆ ಮೋಟರ್ ಸೈಕಲ್ಲು, ಸ್ಕೂಟರು ಅಥವಾ ಸೈಕಲ್ಲು.

ಮೇಲ್ನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. 15 ರೂಪಾಯಿಯನ್ನು ಒಂದೂವರೆ ಟನ್ನಿಗೆ ಭಾಗಿಸಿದರೆ ಟನ್ನು ಒಂದಕ್ಕೆ ಕಿಲೋಮೀಟರಿಗೆ 10 ರೂಪಾಯಿ ಬೀಳುತ್ತದೆ; 50ನ್ನು ಆರಕ್ಕೆ ಭಾಗಿಸಿದರೆ 8 ರೂಪಾಯಿ 33 ಪೈಸೆ ಮಾತ್ರ. ಸಿಪಾಯಿಗೇ ಹೆಚ್ಚು ಕೊಟ್ಟಂತಾಯಿತೆಂದು ಲೆಕ್ಕಪತ್ರದ ಮುಂದೆ ಕುಳಿತವರು ಹೇಳಬಹುದು. ಆದರೆ ಎರಡು ಸಾವಿರ ಕಿಲೋಮೀಟರುಗಳಾಚೆಯ ಒಂದು ಗಡಿ ಪಟ್ಟಣದಿಂದ ಅಫಜಲಪುರಕ್ಕೆ ಸಾಮಾನು ಬರಬೇಕೆಂದು ಇಟ್ಟುಕೊಳ್ಳೋಣ. ಮೂಲದರದಂತೆ ಸಿಪಾಯಿಗೆ ದೊರೆಯಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಹವಾಲ್ದಾರನಿಗೆ 50,000, ಸುಬೇದಾರನಿಗೆ ಒಂದು ಲಕ್ಷ. ಲಾರಿಯ ಮಾಲೀಕನಾದರೋ ತೂಕಕ್ಕೆ ಬಾಡಿಗೆ ಕೇಳುವವನಲ್ಲ. ಅವನು ಕೇಳುವುದು ಡೀಸೆಲ್ಲಿಗೆ, ಟೋಲಿಗೆ, ಚಾಲಕನ ದಿನಗಳಿಗೆ, ಮತ್ತು ಅಫಜಲಪುರದಂಥ ಊರಿನಿಂದ ಹಿಂದಿರುಗುವಾಗ ತುಂಬಿಕೊಂಡು ಹೋಗಲು ಮಾಲು ಸಿಕ್ಕದಿದ್ದರೆ ಬರಿದಾಗಿ ಓಡಬೇಕಾದ ದಾರಿಗೆ. ಲಾರಿಯ ಅರ್ಧಭಾಗ ಖಾಲಿಯಿದ್ದ ಮಾತ್ರಕ್ಕೆ ಎಂಜಿನು ಅರ್ಧ ಎಣ್ಣೆಯನ್ನು ಕುಡಿಯುವುದಿಲ್ಲವಷ್ಟೆ. ಆದಕಾರಣ ಸಿಪಾಯಿಯ ಮುಂದೆ ಉಳಿಯುವ ದಾರಿಗಳು ಎರಡೇ: ಇಡೀ ಲಾರಿಯನ್ನು ಹಿಡಿದು ದರಕ್ಕೆ ಮೀರಿದ ಬಾಡಿಗೆಯನ್ನು ಕೈಯಿಂದ ತೆರುವುದು, ಇಲ್ಲವೆ ಇನ್ನಾರದೋ ಸರಕಿನ ಜೊತೆಗೆ ತನ್ನ ಸಾಮಾನನ್ನು ಸೇರಿಸಿ, ಅದು ಯಾವ ಗೋದಾಮಿನಲ್ಲಿ ಎಷ್ಟು ದಿನ ಬಿದ್ದಿರುವುದೋ ಎಂದು ಕಾಯುವುದು.

ಇನ್ನು ಆ ಸಾಮಾನಿನಲ್ಲಾದರೂ ಏನಿರುತ್ತದೆ? ಈ ಕಡೆಯ ಒಂದು ಸಂಸಾರವನ್ನೇ ಕಣ್ಣಮುಂದೆ ತಂದುಕೊಳ್ಳಬಹುದು. ತಗಡಿನ ಅಲಮಾರಿ, ಕಬ್ಬಿಣದ ಪಲ್ಲಂಗ, ಹತ್ತಿಯ ಗಾದಿಗಳು, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಕೂಲರು, ಮಕ್ಕಳ ಸೈಕಲ್ಲು, ಪುಸ್ತಕಗಳ ರಟ್ಟಿನ ಪೆಟ್ಟಿಗೆಗಳು, ಬಿಳಿಯ ಬಣ್ಣದಿಂದ ಹೆಸರು ಮತ್ತು ಸಂಖ್ಯೆಯನ್ನು ಬರೆದ ಕಪ್ಪು ಟ್ರಂಕುಗಳು. ಇವು ದೇಶದ ಯಾವ ಯೋಧನ ಮನೆಯಲ್ಲಿಯೂ ಇರತಕ್ಕವು. ಆದರೆ ಭೀಮೆಯ ದಡದ ಹೆಣ್ಣುಮಗಳು ಪಂಜಾಬಿಗೋ ಅಸ್ಸಾಮಿಗೋ ಗಂಡನ ಹಿಂದೆ ಹೋಗುವಾಗ ಇವುಗಳ ಜೊತೆಗೆ ಬಾರದಾನದ ಚೀಲದಲ್ಲಿ ಬಿಳಿಜೋಳ, ಡಬ್ಬಿಗಳಲ್ಲಿ ತೊಗರಿಬೇಳೆ, ಶೇಂಗಾಹಿಂಡಿ, ಮನೆಯಲ್ಲಿ ಕುಟ್ಟಿಸಿದ ಖಾರ, ರೊಟ್ಟಿಯ ಕಬ್ಬಿಣದ ಹಂಚು, ಅತ್ತೆಯೋ ತಾಯಿಯೋ ಹೊಲಿದುಕೊಟ್ಟ ಕೌದಿಗಳನ್ನೂ ಕಟ್ಟುತ್ತಾಳೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಆದರೆ ಆ ಮಾನ್ಯತೆಗೆ ಎಷ್ಟೋ ಮೊದಲೇ ಈ ಬೇಳೆ ಸೈನಿಕರ ಟ್ರಂಕುಗಳಲ್ಲಿ ಹಿಮಾಲಯದ ತಪ್ಪಲನ್ನು ಕಂಡುಬಂದಿದೆ. ಇದಿಷ್ಟನ್ನೂ ಕೂಡಿಸಿ ತೂಗಿದರೂ ತರುಣ ಸಿಪಾಯಿಯ ಸಂಸಾರ ಒಂದೂವರೆ ಟನ್ನನ್ನು ಮುಟ್ಟುವುದು ಅಪರೂಪವೆಂದೇ ನಾನು ಭಾವಿಸುತ್ತೇನೆ. ತೂಕ ಮಿಗುವುದಿಲ್ಲ; ಜಾಗ ಸಾಲುವುದಿಲ್ಲ. ಗಾದಿಯೂ ಕೂಲರೂ ಪಲ್ಲಂಗವೂ ಹಗುರವಾಗಿದ್ದೇ ಲಾರಿಯನ್ನು ತುಂಬಿಬಿಡುತ್ತವೆ. ಹೀಗಾಗಿ ನಿಯಮವು ಅಳೆಯುವ ವಸ್ತು ಒಂದು, ಯೋಧನು ಹಣ ತೆರುವ ವಸ್ತು ಇನ್ನೊಂದು. ನಮ್ಮ ದೇಶದ ಈ ಬಗೆಯ ಜಗಳಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಬೀಜ ಇಲ್ಲಿಯೇ ಇದೆಯೆಂದು ನನ್ನ ದೃಢವಾದ ಅಭಿಪ್ರಾಯ.

ತೂಕವನ್ನೇ ಅಳತೆಗೋಲಾಗಿ ಹಿಡಿದದ್ದಾದರೂ ಏಕೆಂದು ಕೇಳಿದರೆ ಉತ್ತರವು ರೈಲಿನ ಯುಗದಲ್ಲಿದೆ. ಸೊಲ್ಲಾಪುರದಿಂದ ಕಲಬುರಗಿಯ ಮೇಲೆ ಹಾಯ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು 1871ರಲ್ಲಿ ರಾಯಚೂರನ್ನು ಮುಟ್ಟಿ ಮದರಾಸಿನ ಕಡೆಯಿಂದ ಬಂದ ಹಳಿಯೊಂದಿಗೆ ಕೂಡಿಕೊಂಡಿತು. ಅಫಜಲಪುರಕ್ಕೆ ಇಂದಿಗೂ ರೈಲಿಲ್ಲ. ಗಾಣಗಾಪುರ ರೋಡ್, ಕಲಬುರಗಿ, ಸೊಲ್ಲಾಪುರ ಇವೇ ಈ ಭಾಗದ ಯೋಧರು ಇಳಿಯುವ ನಿಲ್ದಾಣಗಳು. ಸಾಮಾನು ರೈಲಿನಲ್ಲಿಯೇ ಸಾಗುತ್ತಿದ್ದ ಕಾಲದಲ್ಲಿ ಸರಕಿನ ಕಚೇರಿಯ ತಕ್ಕಡಿಯ ಮೇಲೆ ಪ್ರತಿಯೊಂದು ಗಂಟನ್ನೂ ಇಟ್ಟು, ತೂಕವನ್ನು ರಸೀದಿಯಲ್ಲಿ ಬರೆದು, ಆ ತೂಕಕ್ಕೇ ಬಾಡಿಗೆಯನ್ನು ಕಟ್ಟಿಸಿಕೊಳ್ಳುವುದು ಪದ್ಧತಿಯಾಗಿತ್ತು. ಅಲ್ಲಿ ತೂಕವೂ ನಿಜ, ತೂಕಕ್ಕೆ ತಕ್ಕ ಬೆಲೆಯೂ ನಿಜ. ಸರಕಾರವು ತೂಕಕ್ಕೆ ಮಿತಿಯನ್ನು ಹಾಕಿದ್ದು ಸಹಜವೇ ಆಗಿತ್ತು. 2017ರ ನಿಯಮಗಳಲ್ಲಿಯೂ ನಾಲ್ಕು ಗಾಲಿಯ ವ್ಯಾಗನ್ನಿನ ಉಲ್ಲೇಖ ಉಳಿದುಕೊಂಡು ಬಂದಿದೆ. ವಾಸ್ತವದಲ್ಲಿ ಅಂಥ ವ್ಯಾಗನ್ನುಗಳು ಹಳಿಗಳಿಂದ ಮರೆಯಾಗಿ ಎಂಟು ಗಾಲಿಯವು ಬಂದು ಕಾಲವೆಷ್ಟೋ ಆಯಿತು. ಸಾಮಾನು ರೈಲಿನಿಂದ ರಸ್ತೆಗೆ ಇಳಿಯಿತು. ತಕ್ಕಡಿಯು ರೈಲು ನಿಲ್ದಾಣದಲ್ಲಿಯೇ ಉಳಿಯಿತು. ತೂಕದ ಮಿತಿಯೊಂದು ಮಾತ್ರ ಲಾರಿಯ ಹಿಂದೆ ಹೊರಟುಬಂದಿತು. ಈಗ ಟ್ರಾನ್ಸ್‌ಪೋರ್ಟ್ ಆಫೀಸಿನ ಗುಮಾಸ್ತನು ಬಿಲ್ಟಿಯನ್ನು, ಎಂದರೆ ಸರಕಿನ ರವಾನೆಯ ಪತ್ರವನ್ನು, ಬರೆಯುವಾಗ "ತೂಕ ಎಷ್ಟ್ ಹಾಕ್ಲಿರಿ ಸಾಹೇಬ್ರ?" ಎಂದು ಕೇಳುತ್ತಾನೆ. ತೂಗದ ತೂಕಕ್ಕೆ ಒಂದು ಅಂಕಿ ಹುಟ್ಟುವುದು ಈ ಪ್ರಶ್ನೆಯಿಂದ.

ಸೈನ್ಯಕ್ಕೂ ಸಾಮಾನಿಗೂ ಇರುವ ಈ ತೊಡಕು ಈ ನೆಲಕ್ಕೆ ಹೊಸದಲ್ಲ. ಔರಂಗಜೇಬನು ದಖ್ಖನಿನಲ್ಲಿ ಕಳೆದ ದೀರ್ಘಕಾಲದಲ್ಲಿ, 1695ರಿಂದ 1699ರವರೆಗೆ, ಇದೇ ಭೀಮಾನದಿಯ ಮೇಲ್ದಂಡೆಯ ಬ್ರಹ್ಮಪುರಿಯಲ್ಲಿ ಪಾಳೆಯವನ್ನು ಹಾಕಿದ್ದನು. ಅದಕ್ಕೆ ತುಸು ಮೊದಲು ಕೃಷ್ಣೆಯ ದಡದ ಗಲಗಲಿಯಲ್ಲಿ ಅವನ ದಂಡಿನ ಬೀಡನ್ನು ಕಂಡ ಇಟಲಿಯ ಪ್ರವಾಸಿ ಗೆಮೆಲ್ಲಿ ಕರೇರಿಯು ಸಾಮಾನು ಹೊರುವುದಕ್ಕಾಗಿಯೇ 50,000 ಒಂಟೆಗಳೂ 3,000 ಆನೆಗಳೂ ಅಲ್ಲಿದ್ದುವೆಂದು ಬರೆದಿದ್ದಾನೆ; ಪ್ರವಾಸಿಗಳ ಅಂಕಿಗಳಲ್ಲಿ ಸ್ವಲ್ಪ ಉತ್ಪ್ರೇಕ್ಷೆಯಿದ್ದರೂ ಇರಬಹುದು, ಆದರೆ ಅದು ಚಲಿಸುವ ನಗರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಅಂಥ ದಂಡುಗಳಿಗೆ ಎತ್ತುಗಳ ಮೇಲೆ ಧಾನ್ಯವನ್ನು ಹೇರಿಕೊಂಡು ಊರೂರು ಅಲೆದವರು ಬಂಜಾರರು. ಅವರೇ ಇಂದು ಆಳಂದ, ಅಫಜಲಪುರಗಳ ಸುತ್ತಲ ತಾಂಡಾಗಳಲ್ಲಿ ನೆಲೆನಿಂತಿರುವ ಲಂಬಾಣಿ ಸಮುದಾಯದ ಪೂರ್ವಿಕರು. ಮುಂದೆ ವೆಲ್ಲಿಂಗ್ಟನ್ ಎಂದು ಪ್ರಖ್ಯಾತನಾದ ಆರ್ಥರ್ ವೆಲ್ಲೆಸ್ಲಿಯು 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಬಂಜಾರರನ್ನೂ ಮೈಸೂರಿನ ಅಮೃತಮಹಲ್ ಎತ್ತುಗಳನ್ನೂ ಆಶ್ರಯಿಸಿದ್ದನು. ಸಾಮಾನಿನ ಭಾರದಿಂದ ನಿಧಾನವಾದ ದಂಡು ಸೋಲುವುದೆಂಬುದನ್ನು ಬಲ್ಲ ಸೇನಾನಿಗಳೆಲ್ಲ ಸೈನಿಕನ ಹೊರೆಗೆ ಮಿತಿಯನ್ನು ಹಾಕಿದ್ದಾರೆ. ಆದರೆ ಅಂದಿನ ಮಿತಿಯ ಗುರಿ ಯುದ್ಧದ ವೇಗ. ಇಂದಿನ ಮಿತಿಯ ಗುರಿ ಬೊಕ್ಕಸದ ಉಳಿತಾಯ. ಈ ಭೇದವನ್ನು ಮರೆತು, ಶಾಂತಿಕಾಲದ ಗೃಹಸ್ಥನನ್ನು ರಣಭೂಮಿಗೆ ನಡೆಯುವವನಂತೆ ಭಾವಿಸುವುದು ಸರಿಯಲ್ಲ.

ಯೋಧನ ಸಂಸಾರ ಸಾಗುವ ಕ್ರಮವೂ ಇತರ ಸರಕಾರಿ ನೌಕರರದಕ್ಕಿಂತ ಭಿನ್ನ. ಶಾಂತಿನೆಲೆಯಲ್ಲಿ ಸರದಿ ಬಂದಾಗ ಸರಕಾರಿ ವಸತಿ ದೊರೆತು ಹೆಂಡತಿ ಮಕ್ಕಳು ಬಂದು ಸೇರುತ್ತಾರೆ; ಮುಂದಿನ ಸಲ ಗಡಿಯ ಕಾರ್ಯಕ್ಷೇತ್ರಕ್ಕೆ ಆಜ್ಞೆಯಾದರೆ ಅಲ್ಲಿ ಸಂಸಾರಕ್ಕೆ ಅವಕಾಶವಿಲ್ಲ. ಆಗ ಯೋಧನು ತನ್ನ ಆಯ್ಕೆಯ ವಾಸಸ್ಥಳವೊಂದನ್ನು ತಿಳಿಸಿ ಸಾಮಾನನ್ನೂ ಸಂಸಾರವನ್ನೂ ಅಲ್ಲಿಗೆ ಸಾಗಿಸಬಹುದು. ಪುನಃ ಶಾಂತಿನೆಲೆ ಬಂದಾಗ ಅಲ್ಲಿಂದ ಹೊಸ ಊರಿಗೆ ಒಯ್ಯಬಹುದು. ಅಫಜಲಪುರದ ಕಡೆಯವನಾದರೆ ಆ ಸ್ಥಳ ಬಹುಶಃ ಹುಟ್ಟಿದ ಹಳ್ಳಿಯೇ; ಅಥವಾ ಮಕ್ಕಳ ಶಾಲೆಯ ನಿಮಿತ್ತವಾಗಿ ಕಲಬುರಗಿಯಲ್ಲಿ ಹಿಡಿದ ಬಾಡಿಗೆಯ ಮನೆ. ಇಲ್ಲಿಯೂ ಸಂಶಯಕ್ಕೆ ಎಡೆಯುಂಟು. ಯೋಧನು ತಿಳಿಸಿದ ಸ್ಥಳ ಹಳ್ಳಿ, ಸಾಮಾನು ಇಳಿದದ್ದು ಕಲಬುರಗಿ ಎಂದಾದರೆ ಲೆಕ್ಕಪರಿಶೋಧಕನು ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆಯುತ್ತಾನೆ. ದೂರವನ್ನು ಅತ್ಯಂತ ಹತ್ತಿರದ ಮಾರ್ಗದಿಂದ ಎಣಿಸಬೇಕೋ, ಲಾರಿ ನಿಜವಾಗಿ ಬಂದ ಹೆದ್ದಾರಿಯಿಂದ ಎಣಿಸಬೇಕೋ ಎಂಬುದರ ಮೇಲೆಯೂ ನೂರಾರು ರೂಪಾಯಿಗಳ ಅಂತರ ಬೀಳುತ್ತದೆ. ಇಷ್ಟಾಗಿಯೂ ಹಳ್ಳಿಯಲ್ಲಿ ಇಳಿದ ಸಾಮಾನು ಸುರಕ್ಷಿತವೆಂದೇನೂ ಇಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆಯು ದಡ ಮೀರಿ ಹರಿದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಊರುಗಳಲ್ಲಿ ಮನೆಗಳ ಒಳಗೆ ನೀರು ನಿಂತಾಗ, ದೂರದ ಕರ್ತವ್ಯದಲ್ಲಿದ್ದವರ ಪೆಟ್ಟಿಗೆಗಳೂ ನೆರೆಹೊರೆಯವರ ಕಾಳಿನ ಚೀಲಗಳೂ ಒಂದೇ ನೀರಿನ ಪಾಲಾಗುವ ಸ್ಥಿತಿಯಿತ್ತು. ಭತ್ಯೆಯ ನಿಯಮಗಳು ಸಾಗಣೆಯ ದಾರಿಯನ್ನು ಮಾತ್ರ ಬಲ್ಲವು. ಅದರ ಆಚೆಯದು ಸಂಸಾರದ ಸ್ವಂತ ಹೊಣೆ.

ವ್ಯಾಜ್ಯಗಳ ಸ್ವರೂಪವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ನಿಯಮದಲ್ಲಿ ಹೇಳಿದ ದರ ಗರಿಷ್ಠವೇ ಹೊರತು ಖಚಿತವಾದ ಮೊತ್ತವಲ್ಲ. ನಿಜವಾದ ಖರ್ಚು, ಮಿತಿಯ ದರ, ಇವೆರಡರಲ್ಲಿ ಯಾವುದು ಕಡಮೆಯೋ ಅದೇ ಸಲ್ಲತಕ್ಕದ್ದು, ಅದಕ್ಕೆ ರಸೀದಿಯೂ ಬೇಕು. ಅಧಿಕಾರಿಗಳ ಲೆಕ್ಕವನ್ನು ಪುಣೆಯಲ್ಲಿರುವ ರಕ್ಷಣಾಲೆಕ್ಕಗಳ ಪ್ರಧಾನ ನಿಯಂತ್ರಕರ ಕಚೇರಿಯೂ, ಸಿಪಾಯಿಗಳ ಮತ್ತು ಕಿರಿಯ ಅಧಿಕಾರಿಗಳ ಲೆಕ್ಕವನ್ನು ಆಯಾ ರೆಜಿಮೆಂಟಿನ ಕೇಂದ್ರಕ್ಕೆ ಹೊಂದಿದ ವೇತನಲೆಕ್ಕದ ಕಚೇರಿಗಳೂ ಪರಿಶೀಲಿಸುತ್ತವೆ. ಬೆಳಗಾವಿಯ ಮರಾಠಾ ಲಘು ಪದಾತಿದಳ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಇವು ನಮ್ಮ ಕಡೆಯವರಿಗೆ ಪರಿಚಿತವಾದ ಕೇಂದ್ರಗಳು. ಮುಂಗಡವಾಗಿ ಹಣವನ್ನು ಪಡೆದು ಸಾಮಾನು ಸಾಗಿಸಿದ ಯೋಧನ ಬಿಲ್ಲಿನಲ್ಲಿ ಲಾರಿಯ ನೋಂದಣಿಸಂಖ್ಯೆ ತಪ್ಪಿದರೆ, ಬಿಲ್ಟಿಯ ದಿನಾಂಕ ರೈಲುಪ್ರಯಾಣದ ದಿನಾಂಕಕ್ಕೆ ಹೊಂದದಿದ್ದರೆ, ಟೋಲಿನ ಚೀಟಿಗಳು ಸಿಗದಿದ್ದರೆ, ಮುಂಗಡವು ಸಾಲವಾಗಿ ಮಾರ್ಪಟ್ಟು ಸಂಬಳದಿಂದ ಕಡಿತವಾಗತೊಡಗುತ್ತದೆ. ಕೇಂದ್ರ ಸರಕಾರವು 2018ರಲ್ಲಿ ಪ್ರಯಾಣಭತ್ಯೆಯ ಹಕ್ಕನ್ನು ಮಂಡಿಸುವ ಅವಧಿಯನ್ನು ಒಂದು ವರ್ಷದಿಂದ 60 ದಿನಗಳಿಗೆ ಇಳಿಸಿತು. ನಿವೃತ್ತರ ಕಷ್ಟವನ್ನು ಕಂಡ ಮೇಲೆ 2021ರಲ್ಲಿ ನಿವೃತ್ತಿಯ ಪ್ರಯಾಣಕ್ಕೆ ಮಾತ್ರ ಅದನ್ನು 180 ದಿನಗಳಿಗೆ ಏರಿಸಿತು.

ಸುಳ್ಳು ಬಿಲ್ಲುಗಳೂ ಇಲ್ಲದಿಲ್ಲ. ಸಾಗಿಸದ ಸಾಮಾನಿಗೆ ಬಿಲ್ಟಿಯನ್ನು ಬರೆಯಿಸಿಕೊಳ್ಳುವವರೂ, ಅಂಥ ಬಿಲ್ಟಿಗಳನ್ನು ಮಾರುವ ಏಜೆಂಟರೂ ಇರುವುದರಿಂದಲೇ ಪರಿಶೋಧಕನ ಕಣ್ಣು ಇಷ್ಟು ಮೊನಚಾಗಿದೆ. ಆದರೆ ಇದರ ಪರಿಣಾಮವೇನಾಗಿದೆಯೆಂಬುದನ್ನು ಗಮನಿಸಬೇಕು. ವಂಚಕನ ಕಾಗದಗಳು ಯಾವಾಗಲೂ ಅಚ್ಚುಕಟ್ಟಾಗಿರುತ್ತವೆ, ಏಕೆಂದರೆ ಅವುಗಳನ್ನು ಕಾಗದಕ್ಕಾಗಿಯೇ ಮಾಡಿಸಿರುತ್ತಾರೆ. ಪ್ರಾಮಾಣಿಕನ ಕಾಗದಗಳಲ್ಲಿಯೇ ಕೊರತೆಯಿರುತ್ತದೆ; ಅವನು ಹಮಾಲರನ್ನು ಹುಡುಕುತ್ತ, ಮಕ್ಕಳ ಶಾಲೆಯ ವರ್ಗಾವಣೆ ಪತ್ರಕ್ಕೆ ಓಡಾಡುತ್ತ, ಎರಡು ದಿನದಲ್ಲಿ ವಸತಿಯನ್ನು ಖಾಲಿಮಾಡುತ್ತ ಇರುವಾಗ ಬಿಲ್ಟಿಯ ಅಂಕಿಗಳನ್ನು ಓದುವ ವ್ಯವಧಾನವೆಲ್ಲಿ? ಅದರಲ್ಲಿಯೂ ಯೋಧನು ಮುಂದಾಗಿ ಹೊರಟುಹೋಗಿ, ಸಾಮಾನು ಏರಿಸುವ ಕೆಲಸ ಹೆಂಡತಿಯ ಮೇಲೆ ಬಿದ್ದಿದ್ದರೆ, ಪರಭಾಷೆಯ ಊರಿನಲ್ಲಿ ಪರಿಚಯವಿಲ್ಲದ ಗುಮಾಸ್ತನೊಡನೆ ವಾದಿಸುವ ಹೊಣೆಯೂ ಅವಳದೇ. ಸೇನೆಯ ವರ್ಗಾವಣೆಯ ಕಥೆಗಳಲ್ಲಿ ಈ ಹೆಣ್ಣುಮಕ್ಕಳ ದುಡಿಮೆಗೆ ಸಲ್ಲಬೇಕಾದ ಗೌರವ ಸಲ್ಲಿಲ್ಲವೆಂದು ನನಗೆ ಬಹಳ ವ್ಯಥೆಯಿದೆ.

ನ್ಯಾಯ ಕೇಳುವ ದಾರಿ ಇಲ್ಲವೆಂದಲ್ಲ. 2007ರ ಸಶಸ್ತ್ರಪಡೆಗಳ ನ್ಯಾಯಮಂಡಳಿ ಕಾಯಿದೆಯಲ್ಲಿ ಮನನ ಮಾಡಬೇಕಾದ ಒಂದು ಅಂಶವಿದೆ. ಅದರ ಮೂರನೆಯ ಕಲಮಿನಲ್ಲಿ ಸೇವಾವಿಷಯಗಳನ್ನು ವಿವರಿಸುವಾಗ ವೇತನವನ್ನೂ ಭತ್ಯೆಗಳನ್ನೂ ಒಳಗೆ ಸೇರಿಸಿ, ವರ್ಗಾವಣೆ ಮತ್ತು ನಿಯೋಜನೆಗಳನ್ನು ಸ್ಪಷ್ಟವಾಗಿ ಹೊರಗಿರಿಸಲಾಗಿದೆ. ಎಂದರೆ ತನ್ನನ್ನು ಎಲ್ಲಿಗೆ ಕಳುಹಿಸಿದರೆಂಬುದನ್ನು ಯೋಧನು ಆ ಮಂಡಳಿಯ ಮುಂದೆ ಪ್ರಶ್ನಿಸುವಂತಿಲ್ಲ. ಕಳುಹಿಸಿದ್ದಕ್ಕೆ ಸಲ್ಲಬೇಕಾದ ಸಾಗಣೆಯ ವೆಚ್ಚವನ್ನು ಪ್ರಶ್ನಿಸಬಹುದು. ದೇಶರಕ್ಷಣೆಯ ಅಗತ್ಯದಿಂದ ಮೊದಲನೆಯ ನಿರ್ಬಂಧವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಹೋಗಲಾರೆನೆನ್ನುವ ಸ್ವಾತಂತ್ರ್ಯವಿಲ್ಲದವನಿಗೆ ಹೋಗುವ ಖರ್ಚನ್ನು ಪೂರ್ತಿಯಾಗಿ, ತಂಟೆಯಿಲ್ಲದೆ ಕೊಡುವುದು ಆಜ್ಞೆ ಮಾಡಿದವರ ಕರ್ತವ್ಯವಾಗುತ್ತದೆ. ಇದು ದಾಕ್ಷಿಣ್ಯದ ಮಾತಲ್ಲ, ಋಣದ ಮಾತು. ಮಂಡಳಿಗೆ ಹೋಗುವ ಮೊದಲು ಇಲಾಖೆಯೊಳಗಿನ ಮನವಿಗಳನ್ನೆಲ್ಲ ಮುಗಿಸಿರಬೇಕು. ಅಂತಿಮ ಆಜ್ಞೆಯಾದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ಕರ್ನಾಟಕದವರ ಅರ್ಜಿಗಳು ಕೊಚ್ಚಿಯ ಪೀಠಕ್ಕೆ ಹೋಗುತ್ತವೆ. ಹತ್ತು ಹದಿನೈದು ಸಾವಿರ ರೂಪಾಯಿಗಳ ಬಾಕಿಗಾಗಿ ಆಳಂದದ ಒಬ್ಬ ನಾಯಕನು ಕೊಚ್ಚಿಗೆ ಓಡಾಡಬೇಕೆಂದರೆ ಆ ಬಾಕಿಯನ್ನು ಬಿಟ್ಟುಕೊಡುವುದೇ ಲಾಭವೆಂದು ಅವನಿಗೆ ತೋರುವುದು ಆಶ್ಚರ್ಯವಲ್ಲ. ಆದುದರಿಂದ ಈ ವ್ಯಾಜ್ಯಗಳು ತೀರ್ಪಿನ ಗ್ರಂಥಗಳಲ್ಲಿ ವಿರಳವಾಗಿಯೂ, ಕುಟುಂಬಗಳ ನೆನಪಿನಲ್ಲಿ ಧಾರಾಳವಾಗಿಯೂ ಉಳಿದಿವೆ.

ಈ ವಿಷಯದಲ್ಲಿ ಅಮೆರಿಕದ ಪದ್ಧತಿಯಿಂದ ಕಲಿಯಬೇಕಾದದ್ದೂ ಎಚ್ಚರ ವಹಿಸಬೇಕಾದದ್ದೂ ಇವೆ. ಅಲ್ಲಿ ಸಾಮಾನನ್ನು ಸಾಮಾನ್ಯವಾಗಿ ಸರಕಾರವೇ ಗುತ್ತಿಗೆದಾರರ ಮೂಲಕ ಸಾಗಿಸುತ್ತದೆ. ಅವಲಂಬಿತರಿಲ್ಲದ ಹೊಸ ಸಿಪಾಯಿಗೆ 5,000 ಪೌಂಡು, ಅಂದರೆ ಸುಮಾರು 2,270 ಕಿಲೋ, ಕರ್ನಲ್ ಮತ್ತು ಅದಕ್ಕಿಂತ ಮೇಲಿನವರಿಗೆ 18,000 ಪೌಂಡು, ಅಂದರೆ ಸುಮಾರು 8,160 ಕಿಲೋ. ಕೆಳಗಿನ ಪದವಿಗಳಲ್ಲಿ ಹೆಂಡತಿ ಮಕ್ಕಳಿರುವವನಿಗೆ ಇಲ್ಲದವನಿಗಿಂತ ಹೆಚ್ಚು ತೂಕವನ್ನು ಕೊಡುತ್ತಾರೆ. ನಮ್ಮಲ್ಲಿ ಒಬ್ಬಂಟಿಯಾದ ನಾಯಕನಿಗೂ, ವೃದ್ಧ ತಂದೆತಾಯಿಗಳನ್ನೂ ಮೂವರು ಮಕ್ಕಳನ್ನೂ ಕಟ್ಟಿಕೊಂಡು ನಡೆಯುವ ನಾಯಕನಿಗೂ ಅದೇ 1500 ಕಿಲೋ. ಸಂಸಾರದ ಗಾತ್ರವನ್ನು ನಮ್ಮ ನಿಯಮವು ಲೆಕ್ಕಿಸುವುದೇ ಇಲ್ಲ. ಮಿತಿಯನ್ನು ಮೀರಿದ ಪ್ರತಿ ಪೌಂಡಿನ ಖರ್ಚನ್ನು ಅಮೆರಿಕದ ಸೈನಿಕನು ಆಮೇಲೆ ಸರಕಾರಕ್ಕೆ ತುಂಬಿಕೊಡಬೇಕಾಗುವುದರಿಂದ ಅಲ್ಲಿನ ಜಗಳ ನಿಜವಾಗಿಯೂ ತೂಕದ ಜಗಳ. ಲಾರಿಯನ್ನು ಬರಿದಾಗಿಯೂ ತುಂಬಿಯೂ ಕಾಟಾದ ಮೇಲೆ ನಿಲ್ಲಿಸಿ ಅಂತರವನ್ನು ತೆಗೆಯುತ್ತಾರೆ. ಕಟ್ಟುವ ರಟ್ಟು, ಕಾಗದಗಳ ಲೆಕ್ಕಕ್ಕೆ ಶೇಕಡ 10ರಷ್ಟನ್ನು ಕಳೆಯುತ್ತಾರೆ. ವೃತ್ತಿಯ ಪುಸ್ತಕ ಮತ್ತು ಉಪಕರಣಗಳಿಗೆ 2,000 ಪೌಂಡಿನವರೆಗೆ ವಿನಾಯಿತಿಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂಶಯ ಬಂದ ಸೈನಿಕನು ಸಾಮಾನನ್ನು ಇಳಿಸುವ ಮೊದಲು ಇನ್ನೊಮ್ಮೆ ತೂಗಬೇಕೆಂದು ಕೇಳಬಹುದು. ಎರಡು ತೂಕಗಳಲ್ಲಿ ಕಡಮೆಯಾದದ್ದನ್ನೇ ಹಿಡಿಯುತ್ತಾರೆ.

ಎಚ್ಚರದ ಪಾಠವೂ ಅಲ್ಲಿಯೇ ಇದೆ. ಸಾಮಾನು ತಲುಪಿ ವರ್ಷ ಕಳೆದ ಮೇಲೆ ಸಾವಿರಾರು ಡಾಲರುಗಳ ಬಾಕಿಯ ಪತ್ರ ಬಂದಾಗ ಸೈನಿಕನಿಗೆ ಪುನಃ ತೂಗುವ ಉಪಾಯವಿಲ್ಲ. 1990ರ ದಶಕದವರೆಗೆ ಇಂಥ ಮೇಲ್ಮನವಿಗಳನ್ನು ಅಲ್ಲಿನ ಮಹಾಲೆಕ್ಕನಿಯಂತ್ರಕರು ತೀರ್ಮಾನಿಸುತ್ತಿದ್ದರು, ಅನಂತರ ರಕ್ಷಣಾ ಇಲಾಖೆಯದೇ ವಿಚಾರಣಾ ಕಚೇರಿ ತೀರ್ಮಾನಿಸುತ್ತದೆ. ಇಬ್ಬರ ನಿಲುವೂ ಒಂದೇ: ತೂಕ ಮೀರಿತೇ ಇಲ್ಲವೇ ಎಂಬುದು ಸಾಗಣೆಯ ಅಧಿಕಾರಿಗಳು ನಿರ್ಣಯಿಸಬೇಕಾದ ವಾಸ್ತವಾಂಶದ ಪ್ರಶ್ನೆ, ಸ್ಪಷ್ಟವಾದ ತಪ್ಪೋ ವಂಚನೆಯೋ ಕಂಡುಬಂದ ಹೊರತು ಅದರಲ್ಲಿ ಕೈಹಾಕುವುದಿಲ್ಲ. ಸಾಗಣೆಯ ಇಡೀ ವ್ಯವಸ್ಥೆಯನ್ನು 2021ರಲ್ಲಿ ಒಂದೇ ಸಂಸ್ಥೆಗೆ ಒಪ್ಪಿಸಿ ಸುಧಾರಿಸಲು ಹೊರಟ ಆ ಸರಕಾರವು 2025ರಲ್ಲಿ ಆ ಗುತ್ತಿಗೆಯನ್ನೇ ರದ್ದುಮಾಡಬೇಕಾಯಿತು. ಅಷ್ಟು ಸಂಪನ್ನವಾದ ದೇಶಕ್ಕೂ ಯೋಧರ ಮಂಚ ಕುರ್ಚಿಗಳನ್ನು ನೆಮ್ಮದಿಯಾಗಿ ಸಾಗಿಸುವುದು ಸುಲಭವಾಗಲಿಲ್ಲ.

ಒಡೆದ, ಕಳೆದ ಸಾಮಾನಿನ ಮಾತನ್ನೂ ಇಲ್ಲಿ ಸೇರಿಸಬೇಕು. 1865ರ ಹಳೆಯ ಕಾನೂನಿನ ಸ್ಥಾನದಲ್ಲಿ ಬಂದ 2007ರ ರಸ್ತೆ ಸಾಗಣೆಯ ಕಾಯಿದೆ ಈಗ ಲಾರಿಯವರ ಹೊಣೆಯನ್ನು ನಿರ್ಧರಿಸುತ್ತದೆ. ಸಾಮಾನನ್ನು ಒಪ್ಪಿಸುವಾಗ ಅದರ ಬೆಲೆಯನ್ನು ಘೋಷಿಸಿ ಹೆಚ್ಚಿನ ಹೊಣೆಗಾರಿಕೆಯನ್ನು ಬರೆಯಿಸಿಕೊಳ್ಳದಿದ್ದರೆ ಪರಿಹಾರವು ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನಷ್ಟವಾದರೆ ಸಾಮಾನನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು, ಕೊಡದಿದ್ದರೆ ದಾವೆ ನಿಲ್ಲದು. ಬಳಸಿದ ಗೃಹಸಾಮಗ್ರಿಗೆ ಇ-ವೇ ಬಿಲ್ಲು ಬೇಕಿಲ್ಲವೆಂಬುದೂ ತಿಳಿದಿರಬೇಕಾದ ಸಂಗತಿ. ಅದರ ಹೆಸರಿನಲ್ಲಿ ಹಣ ಕೇಳಿದರೆ ಕೊಡುವ ಕಾರಣವಿಲ್ಲ.

ಪರಿಹಾರವನ್ನು ಹುಡುಕುವುದಕ್ಕೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಹಾವಳಗಾ, ಚಿಣಮಗೇರಾಗಳ ಸಕ್ಕರೆ ಕಾರ್ಖಾನೆಗಳ ಹಂಗಾಮು ಬಂದಿತೆಂದರೆ ಕಬ್ಬು ಹೇರಿದ ಟ್ರಾಕ್ಟರುಗಳು ಅಫಜಲಪುರದ ರಸ್ತೆಗಳಲ್ಲಿ ಸಾಲುಗಟ್ಟುತ್ತವೆ. ಕೊಳ್ಳುವವನ ಕಾಟಾದಲ್ಲಿ ತೂಗುವ ಮೊದಲು ಬೇರೆಯ ಕಾಟಾದಲ್ಲಿ ತೂಗಿ ಚೀಟಿಯನ್ನು ಹಿಡಿದುಕೊಳ್ಳುವ ಹಕ್ಕು ಬೇಕೆಂದು ಕರ್ನಾಟಕದ ಕಬ್ಬು ಬೆಳೆಗಾರರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಬೇಡಿಕೆಯ ತಿರುಳು ಸರಳವಾದದ್ದು: ತೂಕವು ಒಡೆಯನ ಕಣ್ಣೆದುರಿಗೆ ನಡೆಯಬೇಕು, ಅದರ ಚೀಟಿ ಅವನ ಕೈಯಲ್ಲಿರಬೇಕು. ರೈತನ ಮಗನು ಸಿಪಾಯಿಯಾದಾಗ ಈ ನ್ಯಾಯ ಅವನ ಸಂಸಾರಕ್ಕೂ ಏಕೆ ಅನ್ವಯಿಸಬಾರದು? ಹೆದ್ದಾರಿಗಳ ಉದ್ದಕ್ಕೂ, ಸರಕಿನ ಪೇಟೆಗಳಲ್ಲಿಯೂ ವೇ ಬ್ರಿಡ್ಜುಗಳಿವೆ. ಕಾನೂನುಬದ್ಧ ಮಾಪನಶಾಸ್ತ್ರ ಇಲಾಖೆಯವರು ಅವುಗಳನ್ನು ಪರಿಶೀಲಿಸಿ ಮುದ್ರೆ ಒತ್ತುತ್ತಾರೆ. ಬರಿ ಲಾರಿಯ ಚೀಟಿ ಒಂದು, ತುಂಬಿದ ಲಾರಿಯ ಚೀಟಿ ಇನ್ನೊಂದು, ಎರಡರ ಮೇಲೂ ಲಾರಿಯ ಸಂಖ್ಯೆ, ದಿನ, ಸಮಯ: ಇಷ್ಟನ್ನು ಸೇನೆಯು ಕಡ್ಡಾಯ ಮಾಡಿ, ತೂಗಿಸುವ ಅಲ್ಪ ಶುಲ್ಕವನ್ನೂ ತಾನೇ ಭರಿಸಿದರೆ, ಸುಳ್ಳು ಬಿಲ್ಲಿನವನಿಗೆ ದಾರಿ ಮುಚ್ಚುತ್ತದೆ, ನಿಜವಾದವನಿಗೆ ಸಾಕ್ಷ್ಯ ದೊರೆಯುತ್ತದೆ. ತೂಕದ ಮಿತಿಯೊಳಗಿದ್ದೂ ಲಾರಿಯ ಬಾಡಿಗೆ ದರವನ್ನು ಮೀರಿದೆಯೆಂದು ಹೀಗೆ ಸಿದ್ಧವಾದ ಪ್ರಸಂಗಗಳಲ್ಲಿ, ಕೆಳಗಿನ ಮಟ್ಟದವರಿಗೆ ಅತ್ಯಂತ ಚಿಕ್ಕ ಸರಕುವಾಹನದ ಪೂರ್ಣ ಬಾಡಿಗೆಯನ್ನಾದರೂ ಕೊಡುವ ನಿಯಮ ಮುಂದಿನ ಪರಿಷ್ಕರಣದಲ್ಲಿ ಬರಬೇಕು. ಎಂಟನೆಯ ವೇತನ ಆಯೋಗದ ಮುಂದೆ ಮನವಿಗಳನ್ನು ಬರೆಯುವವರು ಸಂಬಳದ ಅಂಕಿಗಳ ಜೊತೆಗೆ ಈ ಸಂಗತಿಯನ್ನೂ ಬರೆಯಲಿ.

ಅಲ್ಲಿಯವರೆಗೆ, ಊರಿಗೆ ಮರಳುವ ಯೋಧರೂ ಅವರ ಮನೆಯವರೂ ಸಾಮಾನು ಏರಿಸುವ ದಿನ ಪೆಟ್ಟಿಗೆಗಳ ಪಟ್ಟಿಯೊಂದನ್ನು ಎರಡು ಪ್ರತಿಗಳಲ್ಲಿ ಬರೆದು ಚಾಲಕನ ಸಹಿಯನ್ನು ಪಡೆಯಬೇಕು. ಬೆಲೆಯನ್ನು ಘೋಷಿಸಿ ಬಿಲ್ಟಿಯಲ್ಲಿ ಬರೆಯಿಸಬೇಕು. ತೂಕದ ಎರಡು ಚೀಟಿಗಳನ್ನೂ ಟೋಲಿನ ವಿವರವನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ತಿಳಿಸಿದ ವಾಸಸ್ಥಳ ಬದಲಾದರೆ ಸಾಮಾನು ಹೊರಡುವ ಮೊದಲೇ ಘಟಕಕ್ಕೆ ಬರೆದು ತಿಳಿಸಬೇಕು. ಬಿಲ್ಲು ಹಿಂದಿರುಗಿ ಬಂದರೆ ಕಾರಣವನ್ನು ಬರಹದಲ್ಲಿಯೇ ಕೇಳಿ ಪಡೆಯಬೇಕು, ಏಕೆಂದರೆ ಮುಂದಿನ ಮನವಿಗಳಿಗೆಲ್ಲ ಆ ಬರಹವೇ ಆಧಾರ. ನಿವೃತ್ತರಾದವರಿಗೆ ಈ ಪತ್ರವ್ಯವಹಾರದಲ್ಲಿ ನೆರವಾಗಲು ಕಲಬುರಗಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿದೆ. ಅಫಜಲಪುರದಿಂದಲೂ ಆಳಂದದಿಂದಲೂ ಜೇವರ್ಗಿಯಿಂದಲೂ ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಅದೇ ದಿನ ಕೆಲಸ ಮುಗಿಸಿ ಹಿಂದಿರುಗಬಹುದು.